ಗುದ್ದಲಿ ಪೂಜೆಗೂ ಮುಂಚೆ: ಊರಿಗೊಂದು ಯೋಜನೆ ಬಂದರೆ ಆರೋಗ್ಯಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ಸುತ್ತಿ ನಿವೃತ್ತನಾದವನು ನಾನು. ಈಗ ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದೇನೆ. ಊರಿಗೆ ಗಣಿ ಬರುತ್ತದೆ, ಕ್ರಷರ್ ಬರುತ್ತದೆ, ಬೈಪಾಸ್ ಬರುತ್ತದೆ ಅಂದಾಗ ಹಳೇ ಪರಿಚಯದವರು ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಆರೋಗ್ಯ ಪರಿಣಾಮದ ಅಂದಾಜು ಅಂದರೆ ಏನು?

ಒಂದು ಯೋಜನೆಯೋ ಕಾನೂನೋ ಜಾರಿಗೆ ಬರುವ ಮುಂಚೆಯೇ ಅದರಿಂದ ಜನರ ಆರೋಗ್ಯಕ್ಕೆ ಏನು ಒಳ್ಳೆಯದು, ಏನು ಕೆಟ್ಟದ್ದು, ಯಾರಿಗೆ ಜಾಸ್ತಿ, ಯಾರಿಗೆ ಕಡಿಮೆ ಅಂತ ಲೆಕ್ಕ ಹಾಕುವುದು. ಇಂಗ್ಲಿಷಿನಲ್ಲಿ ಇದನ್ನು ಚಿಕ್ಕದಾಗಿ ಎಚ್‌ಐಎ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯವರು 1999ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕೂತು ಇದಕ್ಕೊಂದು ಒಪ್ಪಿತ ರೂಪ ಕೊಟ್ಟರು. ಅಲ್ಲಿಂದ ಈಚೆಗೆ ಬೇರೆ ಬೇರೆ ದೇಶಗಳು ತಮ್ಮ ತಮ್ಮ ರೀತಿಯಲ್ಲಿ ಬಳಸುತ್ತಿವೆ.

"ಮುಂಚೆ" ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಳಗೆ ಬರುವುದೆಲ್ಲ ಅದರ ಸುತ್ತಲೇ.

ಆರೋಗ್ಯ ನೋಡಿಕೊಳ್ಳಲು ಆಸ್ಪತ್ರೆ ಇದೆಯಲ್ಲ? ರಸ್ತೆಗೂ ಆರೋಗ್ಯಕ್ಕೂ ಏನು ಸಂಬಂಧ?

ಆಸ್ಪತ್ರೆ ನೋಡಿಕೊಳ್ಳುವುದು ಕಾಯಿಲೆ ಬಂದ ಮೇಲೆ. ಕಾಯಿಲೆ ಬರುವುದು ಮಾತ್ರ ಕುಡಿಯುವ ನೀರು, ಉಸಿರಾಡುವ ಗಾಳಿ, ಮಾಡುವ ಕೆಲಸ, ಮನೆ, ರಸ್ತೆ ಇವುಗಳಿಂದ. ಇವುಗಳ ತೀರ್ಮಾನ ಲೋಕೋಪಯೋಗಿಯಲ್ಲೋ ಗಣಿ ಇಲಾಖೆಯಲ್ಲೋ ನಗರಪಾಲಿಕೆಯಲ್ಲೋ ಆಗುತ್ತದೆ. ಆರೋಗ್ಯ ಇಲಾಖೆಯವರನ್ನು ಅಲ್ಲಿ ಯಾರೂ ಕರೆಯುವುದಿಲ್ಲ. ನನ್ನ ಇಡೀ ನೌಕರಿಯಲ್ಲಿ ರಸ್ತೆ ಮಾಡುವ ಎಂಜಿನಿಯರ್ ಒಬ್ಬರೂ ಬಂದು "ಇಲ್ಲಿ ಶಾಲೆ ಮಕ್ಕಳು ಎಲ್ಲಿ ದಾಟುತ್ತಾರೆ?" ಅಂತ ಕೇಳಲಿಲ್ಲ. ಅಪಘಾತವಾದ ಮೇಲೆ ವರದಿ ಕೇಳಿದವರು ಮಾತ್ರ ಬೇಕಾದಷ್ಟು ಜನ.

ನಮ್ಮ ದೇಶದಲ್ಲಿ ಇದು ಕಡ್ಡಾಯವೇ?

ಇಲ್ಲ. ಆರೋಗ್ಯದ ಅಂದಾಜನ್ನೇ ಪ್ರತ್ಯೇಕವಾಗಿ ಮಾಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬೇರೆ ಇಲಾಖೆಗಳ ನೀತಿಗಳಿಂದ ಆರೋಗ್ಯದ ಮೇಲಾಗುವ ಪರಿಣಾಮವನ್ನು ಅಳೆಯಬೇಕು ಅನ್ನುವ ಮಾತಿದೆ. ಆದರೆ ನೀತಿ ಬೇರೆ, ಕಾನೂನು ಬೇರೆ.

ನಮ್ಮ ಕೈಗೆ ಸಿಗುವ ಹಿಡಿ ಅಂದರೆ ಪರಿಸರ ಪರಿಣಾಮದ ಅಂದಾಜು, ಅಂದರೆ ಇಐಎ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1994ರಲ್ಲಿ ಮೊದಲ ಅಧಿಸೂಚನೆ ಬಂತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಮೇಲೆ. ಅದರ ವರದಿಯೊಳಗೆ ಜನರ ಆರೋಗ್ಯಕ್ಕೂ ಜಾಗವಿದೆ. ಎಷ್ಟು ಜಾಗ ಅಂದರೆ, ನಾನು ಓದಿದ ವರದಿಗಳಲ್ಲಿ ಅಪರೂಪದ ಗಿಡಗಳ ಪಟ್ಟಿಗೆ ಹತ್ತು ಪುಟ, ಜನರ ಕೆಮ್ಮಿಗೆ ಒಂದು ಪ್ಯಾರಾ. ಗಿಡದ ಮೇಲೆ ನನಗೇನೂ ಸಿಟ್ಟಿಲ್ಲ.

ಬೇರೆ ದೇಶಗಳಲ್ಲಿ?

ಕೆನಡಾದ ಕ್ವೆಬೆಕ್ ಪ್ರಾಂತ್ಯದವರು 2001ರ ಆರೋಗ್ಯ ಕಾಯ್ದೆಯಲ್ಲೇ ಇದನ್ನು ಸೇರಿಸಿದರು. ಥಾಯ್ಲೆಂಡಿನವರು 2007ರ ಸಂವಿಧಾನದಲ್ಲೇ ಬರೆದರು: ಜನರ ಆರೋಗ್ಯಕ್ಕೆ ದೊಡ್ಡ ಪೆಟ್ಟು ಬೀಳಬಹುದಾದ ಯೋಜನೆಗೆ ಆರೋಗ್ಯದ ಅಂದಾಜು ಆಗಲೇಬೇಕು. ಬರೆದಿದ್ದು ಸುಮ್ನೆ ಅಲ್ಲ. ಮಾಪ್ ತಾ ಪುಟ್ ಅನ್ನುವ ಕಾರ್ಖಾನೆಗಳ ಊರಿನ ಜನ ಕೋರ್ಟಿಗೆ ಹೋದಾಗ 2009ರಲ್ಲಿ ಅಲ್ಲಿನ ಆಡಳಿತ ನ್ಯಾಯಾಲಯ ಒಂದೇ ಆದೇಶದಲ್ಲಿ 76 ಯೋಜನೆಗಳನ್ನು ತಡೆಹಿಡಿಯಿತು. ಆಮೇಲೆ ಅವುಗಳಲ್ಲಿ ಹಲವು ಬಿಡುಗಡೆಯಾದವು, ಆ ಮಾತು ಬೇರೆ.

ಗಣಿಯವರು "ಧೂಳಿಂದ ಏನೂ ಆಗಲ್ಲ" ಅಂತಾರೆ. ನಿಜವೇ?

ಯಾವ ಧೂಳು ಅನ್ನುವುದರ ಮೇಲಿದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಅಡಕೆ ತೋಟದ ಎಲೆ ಕೆಂಪಗಾಗುವುದು, ಒಗೆದ ಬಟ್ಟೆ ಮತ್ತೆ ಒಗೆಯಬೇಕಾಗುವುದು ಇದರಿಂದ. ಹೊಳಲ್ಕೆರೆ, ಭೀಮಸಮುದ್ರದ ಕಡೆಯವರಿಗೆ ಇದನ್ನು ನಾನು ಹೇಳಬೇಕಿಲ್ಲ. ಅಪಾಯ ಇರುವುದು ಕಾಣದ ಧೂಳಿನಲ್ಲಿ. 10 ಮೈಕ್ರಾನ್‌ಗಿಂತ ಸಣ್ಣದು ಗಂಟಲು ದಾಟಿ ಒಳಗೆ ಹೋಗುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣದು, ಅಂದರೆ ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನದು, ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯುತ್ತದೆ. ಉಬ್ಬಸ ಮಾತ್ರ ಅಲ್ಲ, ಹೃದಯಾಘಾತ, ಲಕ್ವಕ್ಕೂ ಇದು ಕಾರಣ.

ಕಲ್ಲು ಒಡೆಯುವ ಕಡೆ ಇನ್ನೊಂದು ಸೇರುತ್ತದೆ, ಸಿಲಿಕಾ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವುದು ಸಿಲಿಕೋಸಿಸ್. ಅದಕ್ಕೆ ವಾಸಿ ಅನ್ನುವುದೇ ಇಲ್ಲ. ಅಂಥವರಿಗೆ ಟಿಬಿ ಹಿಡಿಯುವುದೂ ಜಾಸ್ತಿ. ನಾವು ಎಷ್ಟೋ ಸಲ ಟಿಬಿ ಅಂತ ಮಾತ್ರ ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸಿದ್ದೇವೆ. ಆ ಮನುಷ್ಯ ಎಲ್ಲಿ ಕೆಲಸ ಮಾಡುತ್ತಾನೆ ಅಂತ ಕೇಳುವ ಕಾಲಂ ನನ್ನ ಆಗಿನ ರಿಜಿಸ್ಟರಿನಲ್ಲಿ ಇರಲೇ ಇಲ್ಲ.

ನಮ್ಮ ದೇಶದ ಮಿತಿ, ವರ್ಷದ ಸರಾಸರಿ: 10 ಮೈಕ್ರಾನ್ ಧೂಳು ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, 2.5 ಮೈಕ್ರಾನಿನದು 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. "ಮಿತಿಯೊಳಗಿದೆ" ಅಂತ ಯಾರಾದರೂ ಅಂದರೆ ಯಾರ ಮಿತಿ ಅಂತ ಕೇಳಿ.

ಈಗಾಗಲೇ ಕೆಮ್ಮು ಇದೆ. ಅದು ಗಣಿಯಿಂದಲೇ ಬಂತು ಅಂತ ತೋರಿಸೋದು ಹೇಗೆ?

ಇದೇ ಕಷ್ಟದ ಪ್ರಶ್ನೆ. ನಾನು ಪೆಟ್ಟು ತಿಂದು ಕಲಿತದ್ದೂ ಇಲ್ಲೇ.

ನಾನು ಕೆಲಸ ಮಾಡುತ್ತಿದ್ದ ಒಂದು ಹಳ್ಳಿಯ ಪಕ್ಕದಲ್ಲಿ ಅದಿರಿನ ಲಾರಿಗಳು ಓಡಲು ಶುರುವಾದವು. ಎರಡು ಮೂರು ವರ್ಷಕ್ಕೆ ಜನ ಕೆಮ್ಮು, ಉಬ್ಬಸ ಅಂತ ಬರತೊಡಗಿದರು. ಒಂದು ದಿನ ಸಭೆ ಕರೆದರು. ಕಂಪನಿಯ ಕಡೆಯ ಡಾಕ್ಟರೊಬ್ಬರು ಎದ್ದು ನಿಂತು, "ಲಾರಿ ಬರೋಕೆ ಮುಂಚೆ ಎಷ್ಟು ಜನಕ್ಕೆ ಕೆಮ್ಮಿತ್ತು?" ಅಂದರು. ನಾನು ಹಳೇ ಒಪಿಡಿ ರಿಜಿಸ್ಟರ್ ಹುಡುಕಿಸಿದೆ. ಗೋದಾಮಿನಲ್ಲಿ ಗೆದ್ದಲು ಹಿಡಿದಿತ್ತು. ಉಳಿದ ಪುಟಗಳಲ್ಲಿ ಎಲ್ಲರ ಹೆಸರಿನ ಮುಂದೆ "ಜ್ವರ, ಮೈಕೈ ನೋವು" ಅಂತ ನನ್ನದೇ ಅಕ್ಷರ. ಅವಸರದಲ್ಲಿ ಬರೆದದ್ದು. "ಇಲ್ಲಿ ಬೀಡಿ ಸೇದೋರು ಜಾಸ್ತಿ, ಹೆಂಗಸರು ಸೌದೆ ಒಲೆ ಊದ್ತಾರೆ" ಅಂತ ಅವರು ಮಾತು ಮುಗಿಸಿದರು. ನಮ್ಮ ಬಾಯಿ ಕಟ್ಟಿತು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ಸಂಕಟ.

ಮುಂಚಿನ ಲೆಕ್ಕ ಇಲ್ಲದಿದ್ದರೆ ಆಮೇಲಿನ ಲೆಕ್ಕಕ್ಕೆ ಕಾಲಿಲ್ಲ. ಅದಕ್ಕೇ ಯೋಜನೆಯ ಸುದ್ದಿ ಬಂದ ದಿನವೇ ಎಣಿಸಲು ಕೂರಿ ಅಂತ ಹೇಳುತ್ತೇನೆ.

ಏನನ್ನು ಎಣಿಸಬೇಕು? ನಾವು ಡಾಕ್ಟರಲ್ಲವಲ್ಲ.

ಡಾಕ್ಟರ್ ಬೇಕಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್, ಹತ್ತನೇ ಕ್ಲಾಸ್ ಓದಿದ ಇಬ್ಬರು, ಊರಿನ ಆಶಾ ಕಾರ್ಯಕರ್ತೆ ಸಾಕು.

ಮನೆಮನೆಗೆ ಹೋಗಿ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿರುವವರು ಎಷ್ಟು, ಉಬ್ಬಸಕ್ಕೆ ಪಂಪ್ ಬಳಸುವವರು ಎಷ್ಟು, ರಾತ್ರಿ ಕೆಮ್ಮಿಗೆ ಏಳುವ ಮಕ್ಕಳು ಎಷ್ಟು ಅಂತ ಬರೆದುಕೊಳ್ಳಿ. ಮಕ್ಕಳನ್ನು ಬೇರೆಯಾಗಿಯೇ ಬರೆಯಿರಿ. ಹತ್ತು ವರ್ಷದ ಮಗು ಬೀಡಿ ಸೇದುವುದಿಲ್ಲ. ಮುಂದೆ ಯಾರಾದರೂ ಬೀಡಿಯ ಮಾತೆತ್ತಿದರೆ ಆ ಪುಟ ತೆಗೆದು ತೋರಿಸಬಹುದು. ಒಲೆ ಸೌದೆಯದೋ ಗ್ಯಾಸಿನದೋ, ಮನೆಯಲ್ಲಿ ಸೇದುವವರು ಇದ್ದಾರೋ ಅನ್ನುವುದನ್ನೂ ಮುಚ್ಚಿಡದೆ ಬರೆಯಿರಿ. ನಿಮಗೆ ಅನುಕೂಲವಾದದ್ದನ್ನು ಮಾತ್ರ ಬರೆದರೆ ಮೊದಲ ಪ್ರಶ್ನೆಗೇ ಪುಸ್ತಕ ಬಿದ್ದುಹೋಗುತ್ತದೆ.

ಯೋಜನೆಯ ಜಾಗದಿಂದ ದೂರ ಇರುವ, ನಿಮ್ಮಂಥದ್ದೇ ಇನ್ನೊಂದು ಊರಿನಲ್ಲೂ ಇದೇ ಲೆಕ್ಕ ಮಾಡಿ. ಹೋಲಿಸಲು ಬೇಕು. ಊರು ಆರಿಸುವಾಗ ಗಾಳಿ ನೋಡಿ. ಮುಂಗಾರಿನಲ್ಲಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ರೈತರಿಗೆ ಇದು ಗೊತ್ತಿರುವ ಮಾತೇ. ವರದಿ ಬರೆಯಲು ಕಾರಿನಲ್ಲಿ ಬಂದು ಹೋದವರಿಗೆ ಗೊತ್ತಿರುವುದಿಲ್ಲ.

ರಸ್ತೆ ಬದಿ ಕೂತು ಗಂಟೆಗೆ ಎಷ್ಟು ಟಿಪ್ಪರ್ ಹೋದವು ಅಂತ ಗೀಟು ಹಾಕಿ. ಟಾರ್ಪಾಲು ಹೊದಿಸಿದ್ದು ಎಷ್ಟು, ಇಲ್ಲದ್ದು ಎಷ್ಟು? ಶಾಲೆ ಬಿಡುವ ಹೊತ್ತಿನ ಎಣಿಕೆ ಬೇರೆ ಇರಲಿ. ಸದ್ದು ಅಳೆಯಲು ಫೋನಿನಲ್ಲಿ ಆ್ಯಪ್ ಇದೆ. ಪಕ್ಕಾ ಲೆಕ್ಕ ಸಿಗುವುದಿಲ್ಲ, ಅಂದಾಜಿಗೆ ಸಾಕು. ಮನೆಗಳಿರುವ ಕಡೆ ಮಿತಿ ಹಗಲು 55 ಡೆಸಿಬಲ್, ರಾತ್ರಿ 45.

ಕೊನೆಯಲ್ಲಿ ದಿನಾಂಕ ಹಾಕಿ ಪಂಚಾಯ್ತಿ ಅಧ್ಯಕ್ಷರು, ಶಾಲೆ ಹೆಡ್‌ಮಾಸ್ತರು, ನರ್ಸಮ್ಮ ಮೂವರ ಸಹಿ ಹಾಕಿಸಿ. ಜನರ ಹೆಸರು ಹೊರಗೆ ತೋರಿಸುವ ಪ್ರತಿಯಲ್ಲಿ ಬೇಡ, ಎಣಿಕೆ ಸಾಕು. ಕಾಯಿಲೆ ಅವರವರ ಮನೆಯ ಗುಟ್ಟು.

ನೀರಿನ ವಿಷಯದಲ್ಲೂ ಹೀಗೇನಾ?

ಹೀಗೇ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಯಾರೂ ತಂದು ಸುರಿದದ್ದಲ್ಲ, ನೆಲದೊಳಗಿನ ಕಲ್ಲಿನಿಂದ ಬರುವುದು. ಒಂದು ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ನಮ್ಮ ಮಾನಕ. ಅದಕ್ಕಿಂತ ಜಾಸ್ತಿ ಆದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ತುಂಬಾ ವರ್ಷ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆದ ಕಲೆ ಆಮೇಲೆ ಎಂಥ ನೀರು ಕುಡಿದರೂ ಹೋಗುವುದಿಲ್ಲ.

ಇದಕ್ಕೆ ಪರಿಹಾರ ಅಂತ ಊರೂರಿಗೆ ಆರ್‌ಒ ನೀರಿನ ಘಟಕ ಬಂದವು. ಒಳ್ಳೆಯ ಕೆಲಸವೇ. ಆದರೆ ಆ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಒಂದು ಕಡೆಯಿಂದ ತೆಗೆದು ಉಳಿಕೆ ನೀರಿಗೆ ತುಂಬುತ್ತದೆ. ಆ ಉಳಿಕೆ ನೀರು ಎಲ್ಲಿಗೆ ಹೋಗುತ್ತದೆ? ನಾನು ನೋಡಿದ ಕಡೆಯೆಲ್ಲ ಪಕ್ಕದ ಚರಂಡಿಗೆ. ದನ ಅಲ್ಲೇ ಕುಡಿಯುತ್ತವೆ. ಇನ್ನೊಂದು: ಘಟಕಕ್ಕೆ ಹಾಕಲು ಐದು ರೂಪಾಯಿ ನಾಣ್ಯ ಇಲ್ಲದ ಮನೆಯವರು ಯಾವ ನೀರು ಕುಡಿಯುತ್ತಾರೆ? ಘಟಕ ಕಟ್ಟುವ ಮುಂಚೆ ಒಂದು ಸಂಜೆ ಕೂತು ಯೋಚಿಸಿದ್ದರೆ ಈ ಎರಡೂ ಪ್ರಶ್ನೆ ಬರುತ್ತಿದ್ದವು. ಆರೋಗ್ಯದ ಅಂದಾಜು ಅಂದರೆ ಇಷ್ಟೇ, ದೊಡ್ಡ ವಿದ್ಯೆ ಏನಲ್ಲ.

ಪೈಪು ಹಾಕುವುದೂ ಯೋಜನೆಯೇ ಅನ್ನುವುದು ಮರೆಯಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಊರಿನ ಪಕ್ಕದ ಹಟ್ಟಿ, ಕಾಡಿನ ಮಧ್ಯೆ ಏನಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತಿದೆ. ನಿಮ್ಮ ಊರಿನಲ್ಲಿ ಆ ಐದು ಜನ ಯಾರು, ಕಿಟ್ ಎಲ್ಲಿದೆ ಅಂತ ಪಂಚಾಯ್ತಿಯಲ್ಲಿ ಕೇಳಿ ನೋಡಿ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಬಂದರೆ ಒಳ್ಳೆಯದಲ್ಲವೇ? ಅದಕ್ಕೂ ಅಡ್ಡಗಾಲು ಹಾಕಬೇಕಾ?

ಅಡ್ಡಗಾಲಿನ ಮಾತೇ ಇಲ್ಲಿಲ್ಲ. ಅಂದಾಜು ಅಂದರೆ ಕೆಟ್ಟದ್ದನ್ನು ಮಾತ್ರ ಹುಡುಕುವುದು ಅಂತ ತುಂಬಾ ಜನ ತಿಳಿದಿದ್ದಾರೆ. 29.9 ಟಿಎಂಸಿ ನೀರು, ಎರಡೂಕಾಲು ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆ ತುಂಬಿಸುವುದು ಅಂತ ಯೋಜನೆ. ಕೆರೆ ತುಂಬಿದರೆ ಆಳದ ಬೋರನ್ನು ನೆಚ್ಚಿಕೊಳ್ಳುವುದು ತಗ್ಗಬಹುದು, ಕೆರೆ ನೀರನ್ನು ಶುದ್ಧ ಮಾಡಿ ಕೊಟ್ಟರೆ ಫ್ಲೋರೈಡಿನ ಕಾಟವೂ ತಗ್ಗುತ್ತದೆ. ತರಕಾರಿ, ಹಾಲು ಮನೆಗೆ ಬರುತ್ತದೆ. ಗುಳೆ ಹೋಗುವುದು ಕಡಿಮೆಯಾದರೆ ಮಕ್ಕಳ ಚುಚ್ಚುಮದ್ದು ತಪ್ಪುವುದಿಲ್ಲ. ಇವೆಲ್ಲ ಆರೋಗ್ಯದ ಲಾಭವೇ, ಪುಸ್ತಕದಲ್ಲಿ ಬರೆಯಬೇಕು.

ಜೊತೆಗೆ ಸೊಳ್ಳೆಯನ್ನೂ ಬರೆಯಬೇಕು. ಒಣ ನಾಡಿಗೆ ಕಾಲುವೆ ಬಂದಾಗ ಸೊಳ್ಳೆ ಹಿಂದೆಯೇ ಬರುತ್ತದೆ. ರಾಜಸ್ಥಾನದ ಮರುಭೂಮಿಗೆ ಇಂದಿರಾ ಗಾಂಧಿ ಕಾಲುವೆ ಹೋದ ಮೇಲೆ ಅಲ್ಲಿ ಮಲೇರಿಯಾ ಜಾಸ್ತಿಯಾಗಿ, 1994ರಲ್ಲಿ ದೊಡ್ಡದಾಗಿಯೇ ಹಬ್ಬಿತು. ದಾವಣಗೆರೆ, ಹರಿಹರದ ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಯವರಿಗೆ ನಿಂತ ನೀರೆಂದರೆ ಏನು ಅಂತ ಗೊತ್ತು. ಮೆದುಳು ಜ್ವರ ಹರಡುವ ಸೊಳ್ಳೆಗೆ ಭತ್ತದ ಗದ್ದೆಯೇ ತೊಟ್ಟಿಲು. ಹನಿ ನೀರಾವರಿಯಲ್ಲಿ ನೀರು ನಿಲ್ಲುವುದಿಲ್ಲ, ಅದು ನಮ್ಮ ಪುಣ್ಯ. ಆದರೆ ಮುಖ್ಯ ಕಾಲುವೆ ಸೋರುವ ಕಡೆ, ತೂಬಿನ ಹತ್ತಿರ, ಕೆಲಸ ಮಾಡುವಾಗ ಮಣ್ಣು ತೆಗೆದ ಗುಂಡಿಗಳಲ್ಲಿ ನಿಲ್ಲುತ್ತದೆ. ಗುತ್ತಿಗೆದಾರ ಗುಂಡಿ ಮುಚ್ಚಿ ಹೋಗಬೇಕು ಅಂತ ಟೆಂಡರಿನಲ್ಲೇ ಬರೆಸಿದರೆ ಮುಗಿಯಿತು. ಕಾಲುವೆಗೆ ಮಕ್ಕಳು ಬೀಳದ ಹಾಗೆ ಊರ ಹತ್ತಿರ ಮೆಟ್ಟಿಲು, ಬೇಲಿ ಕೇಳಿ. ಆಮೇಲೆ ಕೇಳಿದರೆ "ಎಸ್ಟಿಮೇಟಿನಲ್ಲಿ ಇಲ್ಲ" ಅನ್ನುತ್ತಾರೆ.

ದಾವಣಗೆರೆ ಮಂಡಕ್ಕಿ ಭಟ್ಟಿಗಳನ್ನು ಊರಾಚೆ ಕಳಿಸಿದರೆ ಆರೋಗ್ಯ ಸರಿಹೋಗುತ್ತದಾ?

ಸಾಯಂಕಾಲ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಪ್ರಶ್ನೆ ಮಾತ್ರ ಸರಿಯಾದದ್ದೇ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಗಾಳಿ ಮಿತಿ ಮೀರಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಇದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಭಟ್ಟಿಯ ಹೊಗೆ ಅದರಲ್ಲಿ ಒಂದು ಪಾಲು ಮಾತ್ರ. ರಸ್ತೆ ಧೂಳು, ವಾಹನ, ಕಟ್ಟಡ ಕೆಲಸ, ಕಸಕ್ಕೆ ಬೆಂಕಿ ಎಲ್ಲ ಸೇರಿವೆ. ಭಟ್ಟಿ ಒಲೆಗೆ ಹಳೇ ಟೈರು ಹಾಕುತ್ತಾರೆ ಅನ್ನುವ ದೂರು ಹಳೆಯದು. ಟೈರಿನ ಹೊಗೆ ಹೊಟ್ಟಿನ ಹೊಗೆಯಂಥದ್ದಲ್ಲ, ತುಂಬಾ ಕೆಟ್ಟದ್ದು.

ಈಗ ಎಣಿಸೋಣ. ಹೊಗೆ ಮೊದಲು ಕುಡಿಯುವವರು ಭಟ್ಟಿಯೊಳಗೆ ಕೆಲಸ ಮಾಡುವವರು, ಆಮೇಲೆ ಅಕ್ಕಪಕ್ಕದ ಮನೆಯವರು. ಹಲವು ಕಡೆ ಇಬ್ಬರೂ ಒಬ್ಬರೇ. ಭಟ್ಟಿಯನ್ನು ಹತ್ತು ಕಿಲೋಮೀಟರ್ ಆಚೆ ಹಾಕಿದರೆ ಪಕ್ಕದ ಮನೆ ಮಗುವಿಗೆ ಒಳ್ಳೆಯದಾಗುತ್ತದೆ. ಕೆಲಸಗಾರನಿಗೆ ಅದೇ ಹೊಗೆ, ಜೊತೆಗೆ ಆಟೋ ಖರ್ಚು. ನಡೆದು ಹೋಗಿ ಬರುತ್ತಿದ್ದ ಹೆಂಗಸು ಕೆಲಸ ಬಿಡುತ್ತಾಳೆ. ಅವಳ ಕೂಲಿ ನಿಂತರೆ ಮನೆಯಲ್ಲಿ ಬೇಳೆ ನೀರಾಗುತ್ತದೆ. ಅದೂ ಆರೋಗ್ಯವೇ. ಒಲೆಯನ್ನೇ ಬದಲಾಯಿಸಿ, ಎತ್ತರದ ಚಿಮಣಿ ಹಾಕಿಸಿ, ಒಲೆಗೆ ಹಾಕುವ ಉರುವಲು ಬದಲಾಯಿಸಿದರೆ? ಖರ್ಚು ಯಾರದು? ಈ ದಾರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಯಾರಿಗೆ ಏನು ಅಂತ ಬರೆದರೆ ಉತ್ತರ ತಾನಾಗೇ ಹತ್ತಿರ ಬರುತ್ತದೆ. ನನ್ನನ್ನು ಕೇಳಿದರೆ ಮೊದಲು ಒಲೆ, ಆಮೇಲೆ ಜಾಗ.

ಇನ್ನೊಂದು ತಮಾಷೆ ನೋಡಿ. ಇಷ್ಟೆಲ್ಲ ಹೊಗೆಯಾದರೂ ಭಟ್ಟಿ ಇಐಎ ಪಟ್ಟಿಯಲ್ಲೇ ಇಲ್ಲ. ಸಣ್ಣ ಸಣ್ಣವು ನೂರು ಸೇರಿ ಒಂದು ದೊಡ್ಡ ಕಾರ್ಖಾನೆಯಾಗುತ್ತವೆ ಅನ್ನುವುದನ್ನು ಕಾನೂನು ಕಾಣುವುದಿಲ್ಲ.

ಅಹವಾಲು ಸಭೆ ಇದೆ ಅಂತ ಪೇಪರಿನಲ್ಲಿ ಬಂದಿದೆ. ಹೋಗಿ ಏನು ಮಾಡಬೇಕು?

ಇಐಎ ಕರಡು ವರದಿಯ ಮೇಲೆ ಊರಿನವರ ಮಾತು ಕೇಳಲು ನಡೆಸುವ ಸಭೆ ಇದು. ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಬರಬೇಕು. ಆ 30 ದಿನವೇ ನಿಮ್ಮ ಆಸ್ತಿ. ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗುತ್ತದೆ. ಅದರ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. 2020ರಲ್ಲಿ ಕೇಂದ್ರ ಹೊಸ ಕರಡು ಅಧಿಸೂಚನೆ ತಂದು, ಈ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. ಪ್ರಾದೇಶಿಕ ಭಾಷೆಗಳಲ್ಲಿ ಜನರಿಗೆ ಸರಿಯಾಗಿ ತಲುಪಿಸಿಲ್ಲ ಅನ್ನುವ ದೂರಿನ ಮೇಲೆ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನು ಅಂತಿಮಗೊಳಿಸದಂತೆ ತಡೆ ಕೊಟ್ಟಿತು.

ಸಭೆ ನಡೆಸುವವರು ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಲ್ಲದವರು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಜೊತೆಗಿರುತ್ತಾರೆ. ವಿಡಿಯೋ ಆಗುತ್ತದೆ. ಇಷ್ಟು ಜನ ಸೇರಲೇಬೇಕು ಅನ್ನುವ ಕೋರಂ ಇಲ್ಲ. ಹಾಗಾಗಿ ಬಹಿಷ್ಕಾರ ಹಾಕಿ ಹೊರಗೆ ಘೋಷಣೆ ಕೂಗಿದರೆ ಒಳಗೆ ಸಭೆ ಆಯಿತು ಅಂತಲೇ ಬರೆದುಕೊಳ್ಳುತ್ತಾರೆ. ಒಳಗೆ ಹೋಗಿ.

ಮಾತು ಚಿಕ್ಕದಿರಲಿ. "ನಮ್ಮ ಊರು ಹಾಳಾಗುತ್ತೆ ಸ್ವಾಮಿ" ಅಂದರೆ "ಗ್ರಾಮಸ್ಥರು ಆತಂಕ ವ್ಯಕ್ತಪಡಿಸಿದರು" ಅಂತ ಒಂದು ಸಾಲು ಬರುತ್ತದೆ, ಅಷ್ಟೇ. "ನಮ್ಮ ಶಾಲೆ ಮುಂದೆ ಈಗ ಗಂಟೆಗೆ ಇಷ್ಟು ಲಾರಿ. ನಿಮ್ಮ ವರದಿಯ ಪ್ರಕಾರ ಎಷ್ಟಾಗುತ್ತದೆ? ಶಾಲೆ ಬಿಡುವಾಗ ನಿಲ್ಲಿಸುತ್ತೀರಾ?" ಅಂತ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಕೇಳಿದ್ದನ್ನು ಬರೆದೂ ಕೊಡಿ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ವಾಸನೆ ಬಂದ ಕೂಡಲೇ ಎದ್ದು ಹೋಗಬೇಡಿ, ಅಲ್ಲೇ ಮೋಸ ಹೋಗುವುದು.

ನಮ್ಮ ಯೋಜನೆಗೆ ಅಹವಾಲು ಸಭೆಯೇ ಇಲ್ಲವಂತೆ?

ಇರಬಹುದು. ಬಿ-2 ಅನ್ನುವ ವರ್ಗಕ್ಕೆ ಸೇರಿದ ಸಣ್ಣ ಯೋಜನೆಗಳಿಗೆ, ಇನ್ನೂ ಕೆಲವಕ್ಕೆ ವಿನಾಯಿತಿ ಇದೆ. ಆಗ ಗ್ರಾಮಸಭೆಯಲ್ಲಿ ವಿಷಯ ತಂದು ನಡಾವಳಿಯಲ್ಲಿ ಬರೆಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅನುಮತಿ ಪತ್ರದ ಷರತ್ತುಗಳ ಪ್ರತಿ ಕೇಳಿ. 30 ದಿನದಲ್ಲಿ ಕೊಡಬೇಕು. ಷರತ್ತು ಓದಿದವರು ಊರಿನಲ್ಲಿ ಒಬ್ಬರಿದ್ದರೂ ನೀರು ಸಿಂಪಡಿಸುವ ಟ್ಯಾಂಕರ್ ತಾನಾಗೇ ಓಡಾಡುತ್ತದೆ.

ದುಡ್ಡು ಎಲ್ಲಿಂದ?

ನೋಟ್‌ಬುಕ್ಕಿಗೆ ದುಡ್ಡು ಬೇಡ. ನೀರು, ಗಾಳಿಯ ಪರೀಕ್ಷೆಗೆ ಬೇಕು. ಗಣಿ ಇರುವ ಜಿಲ್ಲೆಗಳಲ್ಲಿ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿಯವರು ರಾಜಧನದ ಜೊತೆ ಅದಕ್ಕೂ ಕಟ್ಟುತ್ತಾರೆ. ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆ ಅದರ ಆದ್ಯತೆಯ ಬಾಬ್ತು. ಸಮುದಾಯ ಭವನ ಕೇಳುವ ಬದಲು ಶ್ವಾಸಕೋಶದ ತಪಾಸಣಾ ಶಿಬಿರ ಕೇಳಿ.

ಇದು ಯೋಜನೆಗಳಿಗೆ ಮಾತ್ರವೇ? ಸರ್ಕಾರದ ನೀತಿಗೂ ಆಗುತ್ತದಾ?

ಆಗುತ್ತದೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ಮೊಳಕಾಲ್ಮೂರಿನ ಬಸುರಿ ತಪಾಸಣೆಗೆ ಜಿಲ್ಲಾಸ್ಪತ್ರೆಗೆ ಬರುವುದು ಸುಲಭವಾಯಿತಾ? ಬಸ್ಸೇ ಇಲ್ಲದ ಹಟ್ಟಿಯವಳಿಗೆ ಏನು ಸಿಕ್ಕಿತು? ಇಂಥ ಪ್ರಶ್ನೆಗೆ ಮುಂಚಿನ ಲೆಕ್ಕ ಆಸ್ಪತ್ರೆಯ ತಾಯಿ ಕಾರ್ಡಿನಲ್ಲೇ ಸಿಗುತ್ತದೆ.

ಗಣಿ ಬಂದು ಹತ್ತು ವರ್ಷವಾಯಿತು. ಮುಂಚಿನ ಲೆಕ್ಕ ಇಲ್ಲ. ಈಗೇನು ಮಾಡೋದು?

ಪೂರ್ತಿ ಕೈಚೆಲ್ಲಬೇಡಿ. ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ಹಳೇ ಕಾರ್ಡುಗಳಿರಬಹುದು. ಅಂಗನವಾಡಿಯಲ್ಲಿ ತೂಕದ ಪುಸ್ತಕ ಇರುತ್ತದೆ. ಟಿಬಿ ವಿಭಾಗದಲ್ಲಿ ವರ್ಷವಾರು ಲೆಕ್ಕ ಇರುತ್ತದೆ. ಊರಿನ ಮೆಡಿಕಲ್ ಸ್ಟೋರಿನವರು ಪರಿಚಯದವರಾದರೆ ಕೆಮ್ಮಿನ ಔಷಧಿ, ಇನ್‌ಹೇಲರ್ ಎಷ್ಟು ತರಿಸುತ್ತಿದ್ದರು ಅಂತ ಹಳೇ ಬಿಲ್ಲಿನಿಂದ ತೆಗೆದು ಕೊಡುತ್ತಾರೆ. ಒಂದು ಊರಿನಲ್ಲಿ ನಮಗೆ ಆಶಾ ಒಬ್ಬರ ಡೈರಿ ಸಿಕ್ಕಿತು. ಪ್ರತಿ ಮನೆಯ ಭೇಟಿ, ದಿನಾಂಕ, ಯಾರಿಗೆ ಏನಾಗಿತ್ತು, ಎಲ್ಲ ದುಂಡಗಿನ ಅಕ್ಷರದಲ್ಲಿ. ಟ್ರಂಕಿನಲ್ಲಿ ಸೀರೆ ಕೆಳಗಿಟ್ಟಿದ್ದರು. ನಮ್ಮ ಗೋದಾಮಿನ ರಿಜಿಸ್ಟರಿನ ಹಾಗೆ ಅದಕ್ಕೆ ಗೆದ್ದಲು ಹಿಡಿದಿರಲಿಲ್ಲ, ನುಸಿಗುಳಿಗೆ ಹಾಕಿದ್ದರು.